ನೇಪಾಳದ ಆಟಗಾರ್ತಿಯ ಕ್ರಿಕೆಟ್ ಬದುಕನ್ನು ಬರೆಯುವುದು ಹೇಗೆ: ಅಂಕಿಅಂಶ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ನೇಪಾಳದ ಮಹಿಳಾ ತಂಡದ ಆಟಗಾರ್ತಿಯೊಬ್ಬರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೋ ಪತ್ರಿಕೆಗೋ ಬರೆಯಹೊರಟರೆ ಮೊದಲು ಕೈಗೆ ಸಿಗುವುದು ಒಂದು ಸಣ್ಣ ಪಟ್ಟಿ: ಇಷ್ಟು ಪಂದ್ಯ, ಇಷ್ಟು ರನ್, ಇಷ್ಟು ವಿಕೆಟ್. ಅದನ್ನೇ ವಾಕ್ಯಕ್ಕಿಳಿಸಿದರೆ ಲೇಖನ ಮುಗಿದಂತೆ ಕಾಣುತ್ತದೆ. ಆದರೆ ಆ ಪಟ್ಟಿ ಆಕೆಯ ಆಟದ ಅರ್ಧವನ್ನು ಹೇಳುವುದೇ ಇಲ್ಲ, ಹೇಳಿದ ಅರ್ಧವನ್ನೂ ಎಷ್ಟೋ ಸಲ ಉಬ್ಬಿಸಿಯೋ ಕುಗ್ಗಿಸಿಯೋ ಹೇಳುತ್ತದೆ. ಸ್ಮೃತಿ ಮಂದಾನ ಅಥವಾ ಹರ್ಮನ್‌ಪ್ರೀತ್ ಕೌರ್ ಬಗ್ಗೆ ಬರೆಯುವ ಕ್ರಮ ಇಲ್ಲಿ ನಡೆಯುವುದಿಲ್ಲ. ನೇಪಾಳದ ಆಟಗಾರ್ತಿಯ ಅಂಕಿಯನ್ನು ಓದುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಆ ಪಂದ್ಯಕ್ಕೆ ಅಧಿಕೃತ ಮಾನ್ಯತೆ ಇತ್ತೇ? ಎದುರಾಳಿ ಯಾರು? ಆಕೆಗೆ ಆ ವರ್ಷ ಆಡಲು ಪಂದ್ಯಗಳಾದರೂ ಇದ್ದವೇ?

ಹೆಸರು ಖಚಿತವಾಗದೆ ಮುಂದೆ ಹೋಗಬೇಡಿ

ಕೆಲಸ ಹೆಸರಿನಿಂದಲೇ ಶುರು. ನೇಪಾಳಿ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ದೀರ್ಘಕಾಲ ನಾಯಕಿಯಾಗಿದ್ದ ರುಬಿನಾ ಛೇತ್ರಿಯವರ ಕುಲನಾಮದ ಕೊನೆಯ ಅಕ್ಷರ ಒಂದು ತಾಣದಲ್ಲಿ ‘ಐ’, ಇನ್ನೊಂದರಲ್ಲಿ ‘ವೈ’. ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ತಂದರೆ ಛೇತ್ರಿ ‘ಚೆಟ್ರಿ’ ಆಗುತ್ತದೆ, ಸಮ್ಝನಾ ‘ಸಂಜನಾ’ ಆಗುತ್ತದೆ, ಮಹತೊ ‘ಮಹಾಟೊ’ ಆಗುತ್ತದೆ. ಕಾಂತಿಪುರ, ಗೋರಖಾಪತ್ರದಂಥ ನೇಪಾಳಿ ಪತ್ರಿಕೆಗಳಲ್ಲಿ ಹೆಸರನ್ನು ನಾಗರಿಯಲ್ಲಿ ಹುಡುಕಿ, ಅಲ್ಲಿಂದ ನೇರವಾಗಿ ಕನ್ನಡಕ್ಕೆ ತನ್ನಿ. ನಾಗರಿಯ ಮಹಾಪ್ರಾಣಗಳೆಲ್ಲ ಕನ್ನಡದಲ್ಲೂ ಇರುವಾಗ ಇಂಗ್ಲಿಷಿನ ಮೂಲಕ ಸುತ್ತಿ ಬರುವ ಅಗತ್ಯವೇ ಇಲ್ಲ. ನಾಗರಿಯಲ್ಲಿ ಹುಡುಕುವುದರಿಂದ ಇನ್ನೊಂದು ಲಾಭವಿದೆ: ಇಂಗ್ಲಿಷ್ ತಾಣಗಳಿಗೆ ಬಾರದ ದೇಶೀಯ ಪಂದ್ಯಗಳ ಸುದ್ದಿಯೂ ಸಿಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಸ್ಕೋರ್‌ಕಾರ್ಡಿನ ಮೊದಲಕ್ಷರಗಳದ್ದು. ‘ಎಸ್ ರೈ’ ಎಂದರೆ ಸಂಗೀತಾ ರೈ ಇರಬಹುದು, ಶಬನಮ್ ರೈ ಇರಬಹುದು, ಇಬ್ಬರೂ ಬೌಲರ್‌ಗಳೇ. ‘ಎಸ್ ಖಡ್ಕಾ’ ಎಂದರೆ ಸಮ್ಝನಾ ಖಡ್ಕಾ ಆಗಬಹುದು, ಸೋನು ಖಡ್ಕಾ ಆಗಬಹುದು. ಕವಿತಾ ಕುಂವರ್ ಮತ್ತು ಕವಿತಾ ಜೋಶಿ ಬೇರೆ ಬೇರೆ ಆಟಗಾರ್ತಿಯರು. ಮದುವೆಯ ನಂತರ ಕೆಲವರ ಹೆಸರಿಗೆ ಇನ್ನೊಂದು ಕುಲನಾಮ ಸೇರುತ್ತದೆ, ಹಳೆಯ ಸ್ಕೋರ್‌ಕಾರ್ಡಿನಲ್ಲಿ ಅದು ಇರುವುದಿಲ್ಲ. ಹೀಗಾಗಿ ಹೆಸರನ್ನು ನಂಬಿ ಪಂದ್ಯಗಳನ್ನು ಒಟ್ಟು ಮಾಡಬೇಡಿ. ಕ್ರಿಕ್‌ಇನ್ಫೋ ಅಥವಾ ಕ್ರಿಕೆಟ್ ಆರ್ಕೈವ್ ಸ್ಕೋರ್‌ಕಾರ್ಡಿನಲ್ಲಿ ಆ ಹೆಸರಿನ ಮೇಲೆ ಒತ್ತಿ, ಅದು ಕರೆದೊಯ್ಯುವ ಆಟಗಾರ್ತಿಯ ಪುಟ ನೀವು ಹುಡುಕುತ್ತಿರುವವರದ್ದೇ ಎಂದು ನೋಡಿ, ಆಮೇಲೆ ಬರೆದುಕೊಳ್ಳಿ. ‘ರಾನಾ ಮಗರ್’ ಪೂರ್ತಿಯಾಗಿ ಒಂದು ಕುಲನಾಮ. ಸೀತಾ ರಾನಾ ಮಗರ್ ಅವರನ್ನು ಎರಡನೇ ಸಲ ಹೆಸರಿಸುವಾಗ ‘ರಾನಾ’ ಎಂದಷ್ಟೇ ಕರೆಯುವುದು ಸರಿಯಲ್ಲ.

ದಿನಾಂಕ: ವಿಕ್ರಮ ಸಂವತ್ತಿನ ಲೆಕ್ಕ

ನೇಪಾಳದ ಸುದ್ದಿ, ಪ್ರಕಟಣೆ, ಜನ್ಮದಿನಾಂಕ ಎಲ್ಲವೂ ವಿಕ್ರಮ ಸಂವತ್ತಿನಲ್ಲಿರುತ್ತವೆ. ವರ್ಷ ಆರಂಭವಾಗುವುದು ವೈಶಾಖದ ಮೊದಲ ದಿನ, ಅಂದರೆ ಏಪ್ರಿಲ್ ಮಧ್ಯದಲ್ಲಿ. ವೈಶಾಖದಿಂದ ಪುಷ್ಯದ ಅರ್ಧದವರೆಗೆ (ಡಿಸೆಂಬರ್ 31ರ ತನಕ) ಸಂವತ್ತಿನ ಸಂಖ್ಯೆಯಿಂದ 57 ಕಳೆಯಬೇಕು. ಪುಷ್ಯದ ಉಳಿದರ್ಧದಿಂದ ಚೈತ್ರದ ಕೊನೆಯವರೆಗೆ 56 ಕಳೆಯಬೇಕು.

2076ರ ಮಂಸಿರ್ 16 ಎಂಬ ದಿನಾಂಕ ತೆಗೆದುಕೊಳ್ಳಿ. ಮಂಸಿರ್ ಎಂದರೆ ಮಾರ್ಗಶಿರ, ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗಿನ ತಿಂಗಳು. 57 ಕಳೆದರೆ 2019; ದಿನ ಡಿಸೆಂಬರ್ 2. ನೇಪಾಳದ ಪೋಖರಾದಲ್ಲಿ ಬೌಲರ್ ಅಂಜಲಿ ಚಂದ್ ಮಾಲ್ಡೀವ್ಸ್ ವಿರುದ್ಧ ರನ್ನೇ ಕೊಡದೆ ಆರು ವಿಕೆಟ್ ಕಿತ್ತ ದಿನ ಅದು. ಆದರೆ ಒಬ್ಬರ ಜನ್ಮದಿನ 2060ರ ಪುಷ್ಯ 20 ಎಂದಿದ್ದರೆ 57 ಕಳೆದು 2003 ಎಂದು ಬರೆಯುವುದು ತಪ್ಪು. ಆ ದಿನ ಬೀಳುವುದು 2004ರ ಜನವರಿಯಲ್ಲಿ. ಒಂದು ವರ್ಷದ ಈ ತಪ್ಪು ಸಣ್ಣದಲ್ಲ. 19 ವರ್ಷದೊಳಗಿನವರ ವಿಶ್ವಕಪ್ಪಿಗೆ ಅರ್ಹತೆ ನಿರ್ಧಾರವಾಗುವುದು ಹುಟ್ಟಿದ ದಿನಾಂಕದ ಮೇಲೆ. 2025ರ ಟೂರ್ನಿಗೆ 2005ರ ಸೆಪ್ಟೆಂಬರ್ 1ರಂದು ಅಥವಾ ಆನಂತರ ಹುಟ್ಟಿದವರು ಮಾತ್ರ ಅರ್ಹರಾಗಿದ್ದರು. ಐಸಿಸಿ 2020ರ ನವೆಂಬರಿನಿಂದ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ಕನಿಷ್ಠ 15 ವರ್ಷ ಎಂಬ ನಿಯಮವನ್ನೂ ತಂದಿದೆ. ನಿಮ್ಮ ಲೆಕ್ಕದಲ್ಲಿ 14ರ ಹುಡುಗಿ ಆನಂತರದ ಪಂದ್ಯವೊಂದರಲ್ಲಿ ಆಡಿದಂತೆ ಕಂಡರೆ, ದಾಖಲೆ ಎಂದು ಬರೆಯುವ ಮೊದಲು ದಿನಾಂಕದ ಪರಿವರ್ತನೆಯನ್ನು ಮತ್ತೊಮ್ಮೆ ನೋಡಿ. ಸಂವತ್ತಿನ ತಿಂಗಳುಗಳಿಗೆ 29ರಿಂದ 32ರವರೆಗೆ ದಿನಗಳಿರುತ್ತವೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ವರ್ಷವನ್ನು ಬಾಯಿಲೆಕ್ಕದಲ್ಲಿ ತೆಗೆಯಬಹುದು, ದಿನಕ್ಕೆ ನೇಪಾಳಿ ಪಾತ್ರೊ, ಅಂದರೆ ಪಂಚಾಂಗ ನೋಡಲೇಬೇಕು.

2018ರ ಜುಲೈ 1: ಗೆರೆ ಎಳೆಯಬೇಕಾದ ದಿನ

ಸದಸ್ಯ ರಾಷ್ಟ್ರಗಳ ಮಹಿಳಾ ತಂಡಗಳ ನಡುವಿನ ಎಲ್ಲ ಟಿ20 ಪಂದ್ಯಗಳಿಗೂ ಐಸಿಸಿ ಅಂತಾರಾಷ್ಟ್ರೀಯ ಮಾನ್ಯತೆ ಕೊಟ್ಟದ್ದು ಅಂದಿನಿಂದ. ಅದಕ್ಕೆ ಮೊದಲು ನೇಪಾಳ ಆಡಿದ ಯಾವ ಪಂದ್ಯವೂ ಟಿ20ಐ, ಅಂದರೆ ಅಂತಾರಾಷ್ಟ್ರೀಯ ಟಿ20 ಪಟ್ಟಿಯಲ್ಲಿಲ್ಲ. ನೇಪಾಳದ ಖಾತೆ ತೆರೆಯುವುದು 2019ರ ಜನವರಿ 12ರಂದು, ಬ್ಯಾಂಕಾಕಿನಲ್ಲಿ ಚೀನಾ ವಿರುದ್ಧ.

ಹಾಗಾದರೆ ಅದಕ್ಕೂ ಮೊದಲು ನೇಪಾಳದ ಹೆಣ್ಣುಮಕ್ಕಳು ಆಡಲಿಲ್ಲವೇ? ಆಡಿದ್ದಾರೆ, ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ. 2007ರ ಜುಲೈನಲ್ಲಿ ಮಲೇಷ್ಯಾದ ಜೊಹೋರ್‌ನಲ್ಲಿ ನಡೆದ ಏಷ್ಯನ್ ಕ್ರಿಕೆಟ್ ಕೌನ್ಸಿಲ್ ಟೂರ್ನಿಯಲ್ಲಿ ಮೊದಲ ಬಾರಿಗೆ ಕಣಕ್ಕಿಳಿದ ತಂಡ ಫೈನಲ್‌ವರೆಗೆ ಹೋಗಿ ಬಾಂಗ್ಲಾದೇಶಕ್ಕೆ ಸೋತಿತು. 2010ರ ಗುವಾಂಗ್‌ಝೌ, 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಆಡಿತು. 2012 ಮತ್ತು 2016ರ ಏಷ್ಯಾ ಕಪ್ಪುಗಳಲ್ಲಿ ಆಡಿತು. ಆರಂಭದ ವರ್ಷಗಳಲ್ಲಿ ತಂಡವನ್ನು ಮುನ್ನಡೆಸಿದ ನೆರಿ ಥಾಪಾ, ಅವರ ಜೊತೆಗೇ ಬೆಳೆದ ರುಬಿನಾ ಛೇತ್ರಿ ಅಂಥವರ ಹೆಸರಿನ ಮುಂದೆ ಅಂಕಿಅಂಶ ತಾಣಗಳು ‘ಪದಾರ್ಪಣೆ: 2019’ ಎನ್ನುತ್ತವೆ. ಅದನ್ನು ಹಾಗೆಯೇ ನಕಲು ಮಾಡಿದರೆ ಒಬ್ಬ ಆಟಗಾರ್ತಿಯ ಮೊದಲ ಹತ್ತು ವರ್ಷಗಳ ದುಡಿಮೆಯನ್ನು ನೀವೇ ಅಳಿಸಿದ ಹಾಗೆ. ಈ ಒಂದು ತಪ್ಪು ಎಲ್ಲ ಭಾಷೆಗಳಲ್ಲೂ ಕಾಣುತ್ತದೆ, ಕನ್ನಡದಲ್ಲಾದರೂ ಇಲ್ಲದಿರಲಿ.

ಸರಿಪಡಿಸುವುದು ಸುಲಭ. ಎರಡು ವಾಕ್ಯ ಬರೆಯಿರಿ. ಮೊದಲನೆಯದರಲ್ಲಿ ನೇಪಾಳ ತಂಡಕ್ಕೆ ಯಾವ ಟೂರ್ನಿಯಲ್ಲಿ ಮೊದಲು ಆಡಿದರು ಎಂಬುದು, ಎರಡನೆಯದರಲ್ಲಿ ಮಾನ್ಯತೆ ಪಡೆದ ಮೊದಲ ಟಿ20 ಯಾವುದು ಎಂಬುದು. 2018ಕ್ಕೆ ಮೊದಲಿನ ರನ್, ವಿಕೆಟ್‌ಗಳನ್ನು ಟಿ20ಐ ಮೊತ್ತಕ್ಕೆ ಕೂಡಿಸಬೇಡಿ. ಪ್ರತ್ಯೇಕ ಪ್ಯಾರಾದಲ್ಲಿ ಟೂರ್ನಿವಾರು ಹೇಳಿ.

ಗೆರೆಯ ಈಚೆಗೂ ಒಂದು ಗುಂಡಿ ಇದೆ. ಎದುರಾಳಿ ತನ್ನ ಹಿರಿಯರ ತಂಡವನ್ನು ಕಳಿಸದಿದ್ದರೆ ಆ ಪಂದ್ಯಕ್ಕೆ ಮಾನ್ಯತೆ ಇಲ್ಲ. 2019ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಶ್ರೀಲಂಕಾ 23 ವರ್ಷದೊಳಗಿನವರನ್ನು ಕಳಿಸಿತ್ತು. ಆ ತಂಡದ ವಿರುದ್ಧದ ಪಂದ್ಯ ಟಿ20ಐ ಅಲ್ಲ, ಅದೇ ಕೂಟದಲ್ಲಿ ಬಾಂಗ್ಲಾದೇಶ, ಮಾಲ್ಡೀವ್ಸ್ ವಿರುದ್ಧದವು ಹೌದು. ‘ಕೂಟದಲ್ಲಿ ಇಷ್ಟು ವಿಕೆಟ್’ ಎಂಬ ಪತ್ರಿಕಾ ವರದಿಗೂ ತಾಣದ ಮೊತ್ತಕ್ಕೂ ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಏಕದಿನದ ಅಂಕಣ ಖಾಲಿ ಇರುವುದು ಕಂಡು ಮಾಹಿತಿ ಸಿಕ್ಕಿಲ್ಲ ಎಂದುಕೊಳ್ಳಬೇಡಿ. ನೇಪಾಳದ ಪುರುಷರಿಗೆ 2018ರಿಂದ ಏಕದಿನ ಮಾನ್ಯತೆ ಇದೆ, ಮಹಿಳೆಯರಿಗಿಲ್ಲ. ಐಸಿಸಿ 2025ರಲ್ಲಿ ಮಹಿಳಾ ಏಕದಿನ ಮಾನ್ಯತೆ ಪ್ರಕಟಿಸಿದ ಐದು ಸಹಸದಸ್ಯ (ಟೆಸ್ಟ್ ಮಾನ್ಯತೆಯ ಪೂರ್ಣ ಸದಸ್ಯರಲ್ಲದ) ತಂಡಗಳು ಥಾಯ್ಲೆಂಡ್, ನೆದರ್ಲೆಂಡ್ಸ್, ಪಪುವಾ ನ್ಯೂಗಿನಿ, ಸ್ಕಾಟ್ಲೆಂಡ್ ಮತ್ತು ಯುಎಇ. ಲೇಖನದ ಬದಿಯ ಮಾಹಿತಿ ಚೌಕದಲ್ಲಿ (ಇನ್ಫೊಬಾಕ್ಸ್) ಏಕದಿನ, ಟೆಸ್ಟ್ ಸಾಲುಗಳನ್ನು ತೆಗೆದೇ ಬಿಡಿ.

ಎದುರಾಳಿಯ ಪ್ರಕಾರ ಮೂರು ರಾಶಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಈ ಹಂತ. ಹಿಡಿಯಲಿ, ಲೇಖನದ ಬೆಲೆ ನಿಂತಿರುವುದೇ ಇದರ ಮೇಲೆ. ಆಕೆಯ ಪಂದ್ಯವಾರು ಪಟ್ಟಿಯನ್ನು ತೆರೆದು ಪ್ರತಿ ಸಾಲನ್ನೂ ಮೂರರಲ್ಲಿ ಒಂದು ರಾಶಿಗೆ ಹಾಕಿ. ಮೊದಲನೆಯದು ಪೂರ್ಣ ಸದಸ್ಯರು: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಐರ್ಲೆಂಡ್ ಮುಂತಾದವು. ಎರಡನೆಯದು ಸರಿಸುಮಾರು ಸಮಬಲದವರು: ಥಾಯ್ಲೆಂಡ್, ಯುಎಇ, ಮಲೇಷ್ಯಾ, ಹಾಂಗ್‌ಕಾಂಗ್, ಉಗಾಂಡಾ. ಥಾಯ್ಲೆಂಡ್ ಈ ರಾಶಿಯಲ್ಲಿ ಎಲ್ಲರಿಗಿಂತ ಮೇಲೆ. ಮೂರನೆಯದು ಹೊಸದಾಗಿ ಆಡತೊಡಗಿದ ತಂಡಗಳು: ಮಾಲ್ಡೀವ್ಸ್, ಕತಾರ್, ಭೂತಾನ್.

ಇದು ಯಾಕೆ ಬೇಕು ಎನ್ನುವುದಕ್ಕೆ ಪೋಖರಾದ ಆ ಪಂದ್ಯವನ್ನೇ ಹತ್ತಿರದಿಂದ ನೋಡಿ. ಅಂಜಲಿ ಚಂದ್ ಅವರಿಗೆ ಅದು ಮೊದಲ ಟಿ20ಐ. ಮಾಲ್ಡೀವ್ಸ್ 10.1 ಓವರಿನಲ್ಲಿ 16ಕ್ಕೆ ಆಲೌಟ್. ಅಂಜಲಿ ಹಾಕಿದ್ದು 2.1 ಓವರ್, ಅಂದರೆ 13 ಎಸೆತ. ರನ್ ಸೊನ್ನೆ, ವಿಕೆಟ್ ಆರು. ನೇಪಾಳ ಐದೇ ಎಸೆತದಲ್ಲಿ ಗುರಿ ಮುಟ್ಟಿತು. ಆ ಹೊತ್ತಿಗೆ ಮಹಿಳಾ ಟಿ20ಐ ಚರಿತ್ರೆಯಲ್ಲೇ ಅದು ಅತ್ಯುತ್ತಮ ಬೌಲಿಂಗ್. ಅದೇ ವರ್ಷ ಜನವರಿಯಲ್ಲಿ ಮಲೇಷ್ಯಾದ ಮಾಸ್ ಎಲಿಸಾ ಚೀನಾ ವಿರುದ್ಧ 3 ರನ್ನಿಗೆ 6 ವಿಕೆಟ್ ಪಡೆದದ್ದು ಹಿಂದಿನ ದಾಖಲೆ. ಅದೇ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಡಿಸೆಂಬರ್ 7ರ ಕಂಚಿನ ಪದಕದ ಪಂದ್ಯದಲ್ಲಿ ಅದೇ ಮಾಲ್ಡೀವ್ಸ್ 8 ರನ್ನಿಗೆ ಉರುಳಿತು.

ಇದನ್ನು ಬರೆಯುವಾಗ ಜನ ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ‘ವಿಶ್ವದಾಖಲೆಯ ಬೌಲರ್ ಅಂಜಲಿ’ ಎಂದು ಇಂದಿಗೂ ಬರೆಯುತ್ತಾರೆ. 2021ರ ಆಗಸ್ಟಿನಲ್ಲಿ ನೆದರ್ಲೆಂಡ್ಸ್‌ನ ಫ್ರೆಡರಿಕ್ ಓವರ್‌ಡೈಕ್ ಫ್ರಾನ್ಸ್ ವಿರುದ್ಧ 3 ರನ್ನಿಗೆ 7 ವಿಕೆಟ್ ಪಡೆದಾಗಲೇ ಆ ದಾಖಲೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ರೊಹ್ಮಾಲಿಯಾ ಮಂಗೋಲಿಯಾ ವಿರುದ್ಧ ರನ್ ಕೊಡದೆ 7 ವಿಕೆಟ್ ತೆಗೆದರು. ಇನ್ನು ಕೆಲವರು, ಎದುರಾಳಿ ದುರ್ಬಲವೆಂದು ಇಡೀ ಸಾಧನೆಯನ್ನೇ ತಳ್ಳಿಹಾಕುತ್ತಾರೆ. ಅದೂ ನ್ಯಾಯವಲ್ಲ. ಅದೇ ಎದುರಾಳಿಯ ವಿರುದ್ಧ ಅದೇ ಪಿಚ್ಚಿನಲ್ಲಿ ಬೌಲ್ ಮಾಡಿದ ಬೇರೆ ಯಾರಿಗೂ ಆರು ವಿಕೆಟ್ ಸಿಗಲಿಲ್ಲ. ಹೀಗೆ ಬರೆದರೆ ಸಾಕು: ‘2019ರ ಡಿಸೆಂಬರ್ 2ರಂದು ಪೋಖರಾದಲ್ಲಿ, ತಮ್ಮ ಮೊದಲ ಅಂತಾರಾಷ್ಟ್ರೀಯ ಟಿ20ಯಲ್ಲಿ, ಮಾಲ್ಡೀವ್ಸ್ ವಿರುದ್ಧ 13 ಎಸೆತಗಳಲ್ಲಿ ರನ್ ಕೊಡದೆ 6 ವಿಕೆಟ್ ಪಡೆದರು, 2021ರವರೆಗೆ ಇದು ಮಹಿಳಾ ಟಿ20ಐನ ಅತ್ಯುತ್ತಮ ಬೌಲಿಂಗ್ ದಾಖಲೆಯಾಗಿತ್ತು.’ ದಿನ, ಊರು, ಎದುರಾಳಿ, ದಾಖಲೆಯ ಆಯುಷ್ಯ ಎಲ್ಲ ಒಂದೇ ವಾಕ್ಯದಲ್ಲಿ ಬಂತು. ತೂಗುವುದನ್ನು ಓದುಗರಿಗೆ ಬಿಡಿ.

ರುಬಿನಾ ಛೇತ್ರಿಯವರು 2024ರ ಫೆಬ್ರವರಿಯಲ್ಲಿ ಮಲೇಷ್ಯಾದಲ್ಲಿ ನಡೆದ ಏಷ್ಯನ್ ಕ್ರಿಕೆಟ್ ಕೌನ್ಸಿಲ್ ಪ್ರೀಮಿಯರ್ ಕಪ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಹೊಡೆದ ಶತಕವನ್ನೂ ಹೀಗೆಯೇ ಬರೆಯಬೇಕು: ನೇಪಾಳದ ಮಹಿಳೆಯೊಬ್ಬರ ಮೊದಲ ಟಿ20ಐ ಶತಕ ಎಂಬ ಹೆಮ್ಮೆಯೂ ಇರಲಿ, ಮೂರನೇ ರಾಶಿಯ ಎದುರಾಳಿ ಎಂಬುದೂ ಇರಲಿ.

ಈಗ ಎರಡನೇ ರಾಶಿಯ ಒಂದು ಇನಿಂಗ್ಸ್. 2024ರ ಜುಲೈ 19, ಶ್ರೀಲಂಕಾದ ದಂಬುಲ್ಲ, ಏಷ್ಯಾ ಕಪ್. ಯುಎಇ 8 ವಿಕೆಟ್‌ಗೆ 115. ನೇಪಾಳದ ನಾಯಕಿ ಇಂದು ಬರ್ಮಾ 19 ರನ್ನಿಗೆ 3 ವಿಕೆಟ್. ನೇಪಾಳ 16.1 ಓವರಿನಲ್ಲಿ 4 ವಿಕೆಟ್‌ಗೆ 118. ಅದರಲ್ಲಿ ಸಮ್ಝನಾ ಖಡ್ಕಾ ಅವರದ್ದೇ 45 ಎಸೆತದಲ್ಲಿ ಅಜೇಯ 72. ಮೊತ್ತಕ್ಕೆ ಭಾಗಿಸಿ ನೋಡಿ: ತಂಡದ ರನ್ನಿನಲ್ಲಿ ಶೇ 61 ಒಬ್ಬರದ್ದೇ. ಏಷ್ಯಾ ಕಪ್ಪಿನಲ್ಲಿ ನೇಪಾಳದ ಮಹಿಳೆಯರು ಗೆದ್ದ ಮೊದಲ ಪಂದ್ಯ ಇದು. ನನ್ನ ಪ್ರಕಾರ ನೇಪಾಳದ ಆಟಗಾರ್ತಿಯರ ಬಗ್ಗೆ ಬರೆಯುವಾಗ ಸ್ಟ್ರೈಕ್‌ರೇಟಿಗಿಂತ ಹೆಚ್ಚು ಹೇಳುವ ಅಂಕಿ ಈ ‘ತಂಡದ ರನ್ನಿನಲ್ಲಿ ಪಾಲು’. ಸಣ್ಣ ಮೊತ್ತದ ಪಂದ್ಯಗಳಲ್ಲಿ 25 ರನ್ ಎಂದರೆ ಕಾಲು ಭಾಗ ತಂಡ. ಬರೀ 25 ಎಂದು ಬರೆದರೆ ಓದುಗರಿಗೆ ಅದು ಸಾಧಾರಣವಾಗಿ ಕಾಣುತ್ತದೆ.

ಮೊದಲ ರಾಶಿಯಲ್ಲಿ ಗೆಲುವು ಹುಡುಕಬೇಡಿ, ಹೋಲಿಕೆ ಹುಡುಕಿ. 2016ರ ಏಷ್ಯಾ ಕಪ್‌ನಲ್ಲಿ ಬ್ಯಾಂಕಾಕಿನಲ್ಲಿ ಭಾರತ 5 ವಿಕೆಟ್‌ಗೆ 120 ಹೊಡೆದು ನೇಪಾಳವನ್ನು 21ಕ್ಕೆ ಆಲೌಟ್ ಮಾಡಿತು. ಅಂತರ 99 ರನ್. 2024ರ ಜುಲೈ 23ರಂದು ದಂಬುಲ್ಲದಲ್ಲಿ ಭಾರತ 3 ವಿಕೆಟ್‌ಗೆ 178, ನೇಪಾಳ 9 ವಿಕೆಟ್‌ಗೆ 96. ಅಂತರ 82. ಅಂತರವನ್ನಷ್ಟೇ ಇಟ್ಟುಕೊಂಡು ಬರೆದವರಿಗೆ ಎಂಟು ವರ್ಷದಲ್ಲಿ ಏನೂ ಬದಲಾಗಿಲ್ಲ ಎನ್ನಿಸುತ್ತದೆ. ಆದರೆ 21ಕ್ಕೆ ಮುಗಿದಿದ್ದ ತಂಡ ಶಫಾಲಿ ವರ್ಮಾ 48 ಎಸೆತಕ್ಕೆ 81 ಹೊಡೆದ ದಿನವೂ ಪೂರ್ತಿ 20 ಓವರ್ ನಿಂತು 96 ಮಾಡಿದೆ. ಅದಕ್ಕೂ ಎರಡು ದಿನ ಮೊದಲು ಪಾಕಿಸ್ತಾನದ ವಿರುದ್ಧ 6 ವಿಕೆಟ್‌ಗೆ 108 ಮಾಡಿತ್ತು. ಎರಡೂ ಕಾಲದಲ್ಲಿ ಆಡಿದವರ ಬಗ್ಗೆ ಬರೆಯುತ್ತಿದ್ದರೆ ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಡಿ.

ಲೆಕ್ಕ ಹಾಕುವಾಗ ಎಡವುವ ಜಾಗ

ರಾಶಿ ಮಾಡಿದ ಮೇಲೆ ಪ್ರತಿ ರಾಶಿಗೂ ಸರಾಸರಿ, ಎಕಾನಮಿಯನ್ನು (ಓವರಿಗೆ ಕೊಟ್ಟ ರನ್) ನೀವೇ ತೆಗೆಯಬೇಕಾಗುತ್ತದೆ. ಓವರ್ ಲೆಕ್ಕದ ಚುಕ್ಕೆ ದಶಮಾಂಶವಲ್ಲ. 2.1 ಎಂದರೆ ಎರಡು ಓವರ್, ಒಂದು ಎಸೆತ. ಒಬ್ಬ ಬೌಲರ್ ಮೂರು ಪಂದ್ಯಗಳಲ್ಲಿ 4 ಓವರಿಗೆ 12, 2.1 ಓವರಿಗೆ 0, 3.5 ಓವರಿಗೆ 31 ರನ್ ಕೊಟ್ಟರು ಎಂದಿಟ್ಟುಕೊಳ್ಳಿ. ಎಸೆತಗಳು 24, 13, 23, ಒಟ್ಟು 60. ರನ್ 43. ಆರಕ್ಕೆ ಗುಣಿಸಿ 60ರಿಂದ ಭಾಗಿಸಿದರೆ ಎಕಾನಮಿ 4.30. ಎಕ್ಸೆಲ್‌ನಲ್ಲಿ 4, 2.1, 3.5 ಎಂದು ನೇರವಾಗಿ ಕೂಡಿಸಿದರೆ 9.6 ಬಂದು ಎಕಾನಮಿ 4.48 ಆಗುತ್ತದೆ. ಮೂರು ಪಂದ್ಯದ ಎಕಾನಮಿಗಳ ಸರಾಸರಿ ತೆಗೆದರೆ 3.70 ಬರುತ್ತದೆ. ಎರಡೂ ತಪ್ಪು. ಎಸೆತಕ್ಕೆಂದೇ ಒಂದು ಅಂಕಣ ಮಾಡಿಕೊಂಡರೆ ಈ ತೊಂದರೆಯೇ ಇಲ್ಲ.

ಬ್ಯಾಟಿಂಗ್ ಸರಾಸರಿಗೆ ರನ್ನನ್ನು ಔಟಾದ ಸಲಗಳಿಂದ ಭಾಗಿಸಬೇಕು, ಇನಿಂಗ್ಸ್‌ನಿಂದಲ್ಲ. 40 ಅಜೇಯ, 5, 0, 15 ಎಂದರೆ 60 ರನ್, ಮೂರು ಸಲ ಔಟ್, ಸರಾಸರಿ 20. ಆಡಿದ ಪಂದ್ಯಕ್ಕಿಂತ ಇನಿಂಗ್ಸ್ ಕಡಿಮೆ ಇರುವುದು ಕೆಳಕ್ರಮಾಂಕದವರಿಗೆ ಸಾಮಾನ್ಯ. ಮೂರನೇ ರಾಶಿಯ ಪಂದ್ಯಗಳಲ್ಲಿ ಅವರಿಗೆ ಬ್ಯಾಟ್ ಹಿಡಿಯುವ ಸರದಿಯೇ ಬರುವುದಿಲ್ಲ. ಇದರ ಪರಿಣಾಮ ಗಮನಿಸಿ: ಮಧ್ಯಮ ಕ್ರಮಾಂಕದ ಒಬ್ಬ ಬ್ಯಾಟರ್ ಬರೀ ಕಠಿಣ ಎದುರಾಳಿಗಳ ವಿರುದ್ಧವೇ ಬ್ಯಾಟ್ ಮಾಡಿರುತ್ತಾರೆ, ಆರಂಭಿಕರಿಗೆ ಸುಲಭದ ರನ್ನೂ ಸೇರಿರುತ್ತದೆ. ಒಟ್ಟು ಸರಾಸರಿ ಹೋಲಿಸಿ ‘ಇವರಿಗಿಂತ ಅವರು ಮೇಲು’ ಎಂದರೆ ಅನ್ಯಾಯ. ಎರಡನೇ ರಾಶಿಯ ಸರಾಸರಿಯನ್ನು ಮಾತ್ರ ಹೋಲಿಸಿ.

ಒಂದು ರಾಶಿಯಲ್ಲಿ ನಾಲ್ಕೈದು ಇನಿಂಗ್ಸ್ ಮಾತ್ರ ಇದ್ದರೆ ಸರಾಸರಿ ತೆಗೆಯಲೇಬೇಡಿ, ಆ ಇನಿಂಗ್ಸ್‌ಗಳನ್ನೇ ಬರೆಯಿರಿ.

ಪಂದ್ಯವಿಲ್ಲದ ವರ್ಷಗಳು

ಪಂದ್ಯಪಟ್ಟಿಯಲ್ಲಿ ವರ್ಷಗಟ್ಟಲೆ ಖಾಲಿ ಕಂಡರೆ ಆಟಗಾರ್ತಿಯನ್ನು ಕೈಬಿಟ್ಟರು ಎಂದು ತೀರ್ಮಾನಿಸುವ ಅವಸರ ಬೇಡ. ಮೊದಲು ತಂಡದ ಪಟ್ಟಿ ನೋಡಿ. 2019ರ ಡಿಸೆಂಬರಿನ ಕ್ರೀಡಾಕೂಟದ ನಂತರ ಕೋವಿಡ್ ಬಂದು, ತಂಡ ಮತ್ತೆ ಕಣಕ್ಕಿಳಿದದ್ದು 2021ರ ನವೆಂಬರಿನ ಕತಾರ್ ಪ್ರವಾಸದಲ್ಲಿ. ಆ ಎರಡು ವರ್ಷ ಯಾರ ಖಾತೆಯಲ್ಲೂ ಏನೂ ಇಲ್ಲ. 20ರಿಂದ 22ರ ವಯಸ್ಸಿನ ಬೌಲರ್ ಒಬ್ಬರಿಗೆ ಆ ನಷ್ಟ ಎಷ್ಟು ದೊಡ್ಡದೆಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕು.

ಅದಕ್ಕೂ ಹಿಂದೆ, 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗೆ ನೇಪಾಳ ಕ್ರಿಕೆಟ್ ಸಂಘ, ಎಲ್ಲರೂ ‘ಕ್ಯಾನ್’ ಎನ್ನುವ ಸಂಸ್ಥೆ, ಐಸಿಸಿಯಿಂದ ಅಮಾನತಾಗಿತ್ತು. ರಾಷ್ಟ್ರೀಯ ತಂಡಗಳು ಆಡುತ್ತಲೇ ಇದ್ದವು, ಆದರೆ ದೇಶೀಯ ದಾಖಲೆ ಆ ಅವಧಿಯಲ್ಲಿ ಬಹಳ ಚದುರಿಹೋಗಿದೆ. ಅಲ್ಲಿ ಸ್ಕೋರ್‌ಕಾರ್ಡ್ ಸಿಗದಿದ್ದರೆ ಪತ್ರಿಕಾ ವರದಿಯನ್ನು ಆಧಾರವಾಗಿ ಕೊಡಿ. ವರ್ಷದೊಳಗೂ ಬಿಡುವುಗಳಿವೆ: ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು, ಆಮೇಲೆ ದಸೈಂ ಮತ್ತು ತಿಹಾರ್ ಹಬ್ಬಗಳು.

ತಂಡ ಆಡಿದೆ, ಆಕೆ ಆಡಿಲ್ಲ ಎಂದಾದರೆ ಮಾತ್ರ ಕಾರಣ ಹುಡುಕಿ. ಗಾಯ, ಓದು, ವಿದೇಶಕ್ಕೆ ಹೋದದ್ದು, ಹೆರಿಗೆ ಏನೂ ಇರಬಹುದು. ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದರೆ ಬರೆಯಿರಿ, ಇಲ್ಲವಾದರೆ ‘ಈ ಅವಧಿಯಲ್ಲಿ ತಂಡದಲ್ಲಿರಲಿಲ್ಲ’ ಎಂದು ನಿಲ್ಲಿಸಿ. ಊಹೆಗೆ ಜಾಗವಿಲ್ಲ. ಮನೆ ವಿಳಾಸ, ಮನೆಮಂದಿಯ ವಿವರಗಳೂ ಬೇಡ.

ಸಂಬಳ ಕೊಡುವವರು ಯಾರು

ನೇಪಾಳದ ರಾಷ್ಟ್ರೀಯ ಆಟಗಾರ್ತಿಯರಲ್ಲಿ ಬಹಳ ಮಂದಿ ಸಶಸ್ತ್ರ ಪ್ರಹರಿ ಬಲದ, ಅಂದರೆ ಸಶಸ್ತ್ರ ಪೊಲೀಸ್ ಪಡೆಯ ನೌಕರರು. ಇಂಗ್ಲಿಷ್ ವರದಿಗಳಲ್ಲಿ ಕಾಣುವ ‘ಎಪಿಎಫ್ ಕ್ಲಬ್’ ಇದೇ. ನೇಪಾಳ ಪೊಲೀಸ್ ಮತ್ತು ಸೇನೆಗೂ ಕ್ರೀಡಾ ಕ್ಲಬ್ಬುಗಳಿವೆ. ಸೇನೆಯದ್ದು ತ್ರಿಭುವನ್ ಆರ್ಮಿ ಕ್ಲಬ್. ಇವನ್ನು ವಿಭಾಗೀಯ ತಂಡಗಳು ಎನ್ನುತ್ತಾರೆ. ಕ್ಲಬ್ ಎಂಬ ಮಾತು ನೋಡಿ ಬೆಂಗಳೂರಿನ ಲೀಗ್ ಕ್ಲಬ್ ಎಂದುಕೊಳ್ಳಬೇಡಿ. ಇಲ್ಲಿ ನೇಮಕಾತಿ ಇದೆ, ಹುದ್ದೆ ಇದೆ, ತಿಂಗಳ ಸಂಬಳ ಇದೆ, ವರ್ಷವಿಡೀ ತರಬೇತಿಯಿದೆ. ಭಾರತದಲ್ಲಿ ರೈಲ್ವೆ ಮಾಡಿದ ಕೆಲಸವನ್ನು ಅಲ್ಲಿ ಇವು ಮಾಡುತ್ತಿವೆ. ವೇದಾ ಕೃಷ್ಣಮೂರ್ತಿ, ರಾಜೇಶ್ವರಿ ಗಾಯಕವಾಡ್ ರೈಲ್ವೆ ಪರ ಆಡಿದ್ದನ್ನು ಬಲ್ಲ ಕನ್ನಡ ಓದುಗರಿಗೆ ಈ ಒಂದು ಮಾತು ಹೇಳಿದರೆ ವ್ಯವಸ್ಥೆಯೆಲ್ಲ ಅರ್ಥವಾಗುತ್ತದೆ.

ಲೇಖನದ ಮೇಲೆ ಇದರ ಪರಿಣಾಮ ನೇರ. ಪ್ರಧಾನಮಂತ್ರಿ ಕಪ್ ಮಹಿಳಾ ಟೂರ್ನಿಯಲ್ಲಿ ವಿಭಾಗೀಯ ತಂಡಗಳ ಜೊತೆಗೆ ಕೋಶಿ, ಮಧೇಶ್, ಬಾಗ್ಮತಿ, ಗಂಡಕಿ, ಲುಂಬಿನಿ, ಕರ್ಣಾಲಿ, ಸುದೂರಪಶ್ಚಿಮ ಪ್ರಾಂತಗಳು ಆಡುತ್ತವೆ. ಎಪಿಎಫ್ ತಂಡದಲ್ಲಿ ರಾಷ್ಟ್ರೀಯ ಆಟಗಾರ್ತಿಯರೇ ತುಂಬಿರುವುದರಿಂದ ಅದೇ ಮತ್ತೆ ಮತ್ತೆ ಗೆದ್ದಿದೆ. ಎಪಿಎಫ್ ಪರ ಪ್ರಾಂತವೊಂದರ ವಿರುದ್ಧ ಹೊಡೆದ ಅರ್ಧಶತಕಕ್ಕಿಂತ, ಪ್ರಾಂತದ ಪರ ಎಪಿಎಫ್ ಬೌಲಿಂಗಿನೆದುರು ಹೊಡೆದ 30 ತೂಕದ್ದು. ಹುಟ್ಟೂರಿನ ಪ್ರಾಂತವನ್ನೇ ‘ದೇಶೀಯ ತಂಡ’ ಎಂದು ಬರೆಯುವುದೂ ಸಾಮಾನ್ಯ ತಪ್ಪು. ಸುದೂರಪಶ್ಚಿಮದಲ್ಲಿ ಹುಟ್ಟಿದವರು ಎಪಿಎಫ್‌ಗೆ ಸೇರಿದ ಮೇಲೆ ಆ ಪ್ರಾಂತಕ್ಕೆ ಆಡುವುದಿಲ್ಲ. ಮಾಹಿತಿ ಚೌಕದಲ್ಲಿ ಪ್ರಾಂತ ಮತ್ತು ವಿಭಾಗ ಎರಡನ್ನೂ ವರ್ಷದೊಂದಿಗೆ ಕೊಡಿ.

ಕಿರಿಯರ ದಾಖಲೆ ಬೇರೆ ಇರಲಿ

19 ವರ್ಷದೊಳಗಿನವರ ಪಂದ್ಯಗಳು ಟಿ20ಐ ಅಲ್ಲ, ಮೊತ್ತಕ್ಕೆ ಸೇರುವುದಿಲ್ಲ. ಆದರೆ ಬಿಡಬಾರದು. 2022ರ ಜೂನ್‌ನಲ್ಲಿ ಮಲೇಷ್ಯಾದಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ನೇಪಾಳದ ಕಿರಿಯರು ಯುಎಇ ಎದುರು 8 ರನ್ನಿಗೆ ಆಲೌಟ್ ಆದರು. ಯುಎಇಯ ಮಹಿಕಾ ಗೌರ್ 2 ರನ್ನಿಗೆ 5 ವಿಕೆಟ್. ಮುಂದಿನ ಆವೃತ್ತಿಗೇ ಅರ್ಹತೆ ಗಳಿಸಿ, 2025ರ ಜನವರಿಯಲ್ಲಿ ಪೂಜಾ ಮಹತೊ ನಾಯಕತ್ವದಲ್ಲಿ ಮೊದಲ ಸಲ ವಿಶ್ವಕಪ್ ಆಡಿದರು. 8 ರನ್ನಿನ ಸ್ಕೋರ್‌ಕಾರ್ಡಿನಲ್ಲಿ ಹೆಸರಿದ್ದವರು ಆಮೇಲೆ ಹಿರಿಯರ ತಂಡಕ್ಕೆ ಬಂದಿದ್ದರೆ ಆ ಪಂದ್ಯವನ್ನು ಮುಚ್ಚಿಡಬೇಡಿ. ಎಲ್ಲಿಂದ ಎಲ್ಲಿಗೆ ಬಂದರು ಎಂಬುದನ್ನು ಅದರಷ್ಟು ಚೆನ್ನಾಗಿ ಹೇಳುವ ಇನ್ನೊಂದು ದಾಖಲೆಯಿಲ್ಲ.

ಬರೆದು ಮುಗಿಸುವ ಕ್ರಮ

ಟಿಪ್ಪಣಿ ಸಿದ್ಧವಾದ ಮೇಲೆ ಮೊದಲ ಪ್ಯಾರಾದಲ್ಲಿ ಹೆಸರು, ಬ್ಯಾಟಿಂಗ್ ಮತ್ತು ಬೌಲಿಂಗ್ ಶೈಲಿ, ತಂಡದಲ್ಲಿ ಪಾತ್ರ, ದೇಶೀಯ ತಂಡ. ಎರಡನೆಯದರಲ್ಲಿ ಮಾನ್ಯತೆಗೆ ಮೊದಲಿನ ಪಂದ್ಯಗಳು, ಅವು ಇದ್ದರೆ. ಆಮೇಲೆ ವರ್ಷಕ್ಕೊಂದು ಪ್ಯಾರಾ ಎಂದು ಎಳೆಯಬೇಡಿ. ಎರಡು ಅಥವಾ ಮೂರು ಪಂದ್ಯ ಆರಿಸಿ ಅವನ್ನೇ ವಿಸ್ತಾರವಾಗಿ ಹೇಳಿ. ಸಮಬಲದವರ ವಿರುದ್ಧದ್ದು ಒಂದು ಇರಲೇಬೇಕು.

ಬೌಲಿಂಗ್ ಶೈಲಿಯನ್ನು ಎರಡು ಕಡೆ ತಾಳೆ ನೋಡಿ. ಆಫ್‌ಸ್ಪಿನ್ ಎಂದು ಒಂದು ತಾಣ, ಮಧ್ಯಮ ವೇಗ ಎಂದು ಇನ್ನೊಂದು ಹೇಳುತ್ತಿದ್ದರೆ ಯೂಟ್ಯೂಬಿನಲ್ಲಿರುವ ಪಂದ್ಯದ ಪ್ರಸಾರವನ್ನು ತೆರೆದು ಎರಡು ಓವರ್ ನೋಡಿದರೆ ಅನುಮಾನ ತೀರುತ್ತದೆ. ವಿಕೆಟ್‌ಕೀಪರ್ ಎಂಬುದನ್ನೂ ಹೀಗೆಯೇ ನೋಡಿ: ಪಟ್ಟಿಯಲ್ಲಿ ಕೀಪರ್ ಎಂದಿರುವ ಇಬ್ಬರಲ್ಲಿ ಆ ದಿನ ಗ್ಲೌಸ್ ಹಾಕಿದವರು ಒಬ್ಬರೇ.

ಒಟ್ಟು ಅಂಕಿಯ ಪಕ್ಕ ‘2026ರ ಇಂಥ ತಿಂಗಳ ಇಂಥ ದಿನದವರೆಗೆ’ ಎಂದು ಬರೆಯದೆ ಪ್ರಕಟಿಸಬೇಡಿ. ಸಹಸದಸ್ಯ ತಂಡಗಳು ಒಂದೇ ವಾರದಲ್ಲಿ ಐದಾರು ಪಂದ್ಯ ಆಡಿಬಿಡುತ್ತವೆ. 2026ರ ಆರಂಭದಲ್ಲಿ ಮೂಲಪಾನಿ ಮತ್ತು ಕೀರ್ತಿಪುರದಲ್ಲಿ ಟಿ20 ವಿಶ್ವಕಪ್ಪಿನ ಜಾಗತಿಕ ಅರ್ಹತಾ ಟೂರ್ನಿ ನಡೆದಾಗ ದಿನಾಂಕವಿಲ್ಲದ ಅಂಕಿಗಳೆಲ್ಲ ಕೆಲವೇ ದಿನಗಳಲ್ಲಿ ಹಳತಾದವು. ‘ಪ್ರಸ್ತುತ ನಾಯಕಿ’ ಎಂಬ ಮಾತನ್ನೂ ಬಿಡಿ, ಯಾವ ಟೂರ್ನಿಯಲ್ಲಿ ನಾಯಕಿಯಾಗಿದ್ದರು ಎಂದು ಹೇಳಿ.

ಚಿತ್ರ ಬೇಕಿದ್ದರೆ ಆಟಗಾರ್ತಿಯ ಫೇಸ್‌ಬುಕ್ಕಿನಿಂದಲೋ ಪತ್ರಿಕೆಯಿಂದಲೋ ಎತ್ತಿ ವಿಕಿಪೀಡಿಯಕ್ಕೆ ಹಾಕುವಂತಿಲ್ಲ, ಕೆಲವೇ ದಿನಗಳಲ್ಲಿ ಅಳಿಸುತ್ತಾರೆ. ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರವಿದೆಯೇ ನೋಡಿ. ಇಲ್ಲದಿದ್ದರೆ ಚಿತ್ರ ತೆಗೆದವರನ್ನೇ ಕೇಳಿ, ಅವರೇ ತಮ್ಮ ಹೆಸರಿನಲ್ಲಿ ಏರಿಸುವಂತೆ ಮಾಡಿ. ತಂಡದ ಗುಂಪುಚಿತ್ರದಿಂದ ಒಬ್ಬರನ್ನು ಕತ್ತರಿಸಿ ಬಳಸುವುದಾದರೆ ಅಂಗಿಯ ಸಂಖ್ಯೆಯನ್ನು ಅದೇ ಟೂರ್ನಿಯ ಪಟ್ಟಿಯೊಂದಿಗೆ ತಾಳೆ ನೋಡಿ. ಸಂಖ್ಯೆ ಟೂರ್ನಿಯಿಂದ ಟೂರ್ನಿಗೆ ಬದಲಾಗುವುದುಂಟು.